ಮುಳ್ಳಪ್ಪ ಕುಡಿದ ಮಳೆ

ಮಕ್ಕಳೇ, ಸ್ವಲ್ಪ ಹತ್ತಿರ ಬನ್ನಿ. ಗಲಾಟೆ ಮಾಡಿದರೆ ಕತೆ ಅರ್ಧಕ್ಕೇ ಎದ್ದು ಹೋಗುತ್ತದೆ, ಆಮೇಲೆ ನನ್ನನ್ನು ದೂರಬೇಡಿ.

ಒಂದು ಕುರುಚಲು ಕಾಡು. ಕಾಡಿನ ನಡುವೆ ಒಂದು ಹಳ್ಳ. ಹಳ್ಳದ ದಂಡೆಯಲ್ಲಿ ಕಪ್ಪು ಮೆಕ್ಕಲು ಮಣ್ಣು. ಆ ಮಣ್ಣಿಗೆ ಏನು ಹಾಕಿದರೂ ಬೆಳೆಯುತ್ತಿತ್ತು. ಒಂದು ದಿನ ಕೋತಿಯೊಂದು ಬಾಲವನ್ನು ಮಣ್ಣಿನಲ್ಲಿ ಹೂತಿಟ್ಟು ಮಲಗಿತಂತೆ, ಏಳುವ ಹೊತ್ತಿಗೆ ಬಾಲ ಒಂದು ಗೇಣು ಉದ್ದವಾಗಿತ್ತಂತೆ. ಇದು ಕೋತಿಯೇ ಹೇಳಿದ್ದು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಆ ದಂಡೆಯಲ್ಲಿ ಮೊಲ ಹುರುಳಿ ಬೆಳೆಯುತ್ತಿತ್ತು. ಅಳಿಲು ಚುರುಕವ್ವ ಶೇಂಗಾ ಬೆಳೆಯುತ್ತಿದ್ದಳು. ನಮ್ಮ ಕತೆಯ ಮುಳ್ಳುಹಂದಿ ಮುಳ್ಳಪ್ಪ ಗೆಣಸು ಬೆಳೆಯುತ್ತಿದ್ದ. ಅವನ ಹೆಂಡತಿ ಸೂಜವ್ವ, ಜೊತೆಗೆ ಯಾವಾಗಲೂ ಹಸಿವು ಹಸಿವು ಎನ್ನುವ ಮರಿಗಳು. ಅವರ ಬಿಲ ಗುಡ್ಡದ ಮೇಲೆ, ಹೊಲ ಕೆಳಗೆ ಹಳ್ಳದ ಪಕ್ಕದಲ್ಲಿ.

ಹಿಂದೆ ಮಳೆಗೆ ಒಂದು ಮರ್ಯಾದೆ ಇತ್ತು. ಆರಿದ್ರೆಯ ಹೊತ್ತಿಗೆ ಆರಿದ್ರೆ, ಉತ್ತರೆಯ ಹೊತ್ತಿಗೆ ಉತ್ತರೆ ಬರುತ್ತಿತ್ತು. ಈಚೆಗೆ ಅದಕ್ಕೂ ಬುದ್ಧಿ ಕೆಟ್ಟಿತ್ತು. ಬಿತ್ತುವಾಗ ಕೈಮುಗಿದು ಕರೆದರೂ ಬಾರದು. ಕೊಯ್ಲಿನ ಹೊತ್ತಿಗೆ ಕರೆಯದ ನೆಂಟರ ಹಾಗೆ ಗಂಟುಮೂಟೆ ಸಮೇತ ಬಂದು ಕೂರುವುದು. ಹಳ್ಳ ಉಕ್ಕಿತೆಂದರೆ ಹುರುಳಿ, ಶೇಂಗಾ, ಗೆಣಸು ಎಲ್ಲ ಗೋವಿಂದ!

ಊರಿನ ಕಡೆ ಹಾರಾಡುವ ಕಾಗೆಯೊಂದು ಒಂದು ದಿನ ಸುದ್ದಿ ತಂದಿತು. "ಕೇಳಿದಿರಾ? ಊರಿನಲ್ಲಿ ಮನುಷ್ಯರು ಬೆಳೆವಿಮೆ ಅಂತ ಮಾಡಿಕೊಂಡಿದ್ದಾರೆ. ಎಲ್ಲರೂ ಸ್ವಲ್ಪ ಸ್ವಲ್ಪ ಒಂದು ಕಡೆ ಕೂಡಿಡುವುದು. ಬೆಳೆ ಹಾಳಾದವರಿಗೆ ಅದರಿಂದ ಕೊಡುವುದು."

"ಹಾಳಾಗದಿದ್ದರೆ?" ಎಂದು ಮುಳ್ಳಪ್ಪ ತಟ್ಟನೆ ಕೇಳಿದ.

"ಹಾಳಾಗದಿದ್ದರೆ ನಿನ್ನ ಬೆಳೆ ನಿನ್ನ ಮನೆಗೇ ಬಂತಲ್ಲಪ್ಪ. ಇನ್ನೇನು ಬೇಕು ನಿನಗೆ?"

ಎಲ್ಲರೂ ಒಪ್ಪಿದರು. ಗುಡ್ಡದ ನೆತ್ತಿಯಲ್ಲಿ ಒಂದು ಹಗೇವು ತೋಡಿದರು. ಹಗೇವು ಎಂದರೆ ಕಾಳುಕಡಿ ಕೆಡದ ಹಾಗೆ ನೆಲದೊಳಗೆ ತೋಡಿದ ಕಣಜ. ಸುಗ್ಗಿಯಲ್ಲಿ ಮೊಲ ಹುರುಳಿ ತಂದು ಸುರಿಯಿತು. ಚುರುಕವ್ವ ಶೇಂಗಾ ತಂದಳು. ಮುಳ್ಳಪ್ಪ ಒಣಗಿಸಿದ ಗೆಣಸಿನ ಹೋಳುಗಳನ್ನು ಬೆನ್ನ ಮುಳ್ಳಿಗೆ ಸಿಕ್ಕಿಸಿಕೊಂಡು ಬಂದು, ಒಂದೊಂದನ್ನೇ ಕಿತ್ತು ಹಾಕುತ್ತ, ಒಂದೊಂದಕ್ಕೂ ನಿಟ್ಟುಸಿರು ಬಿಟ್ಟ. ಹಗೇವಿನ ಉಸ್ತುವಾರಿಗೆ ಆಮೆ ಸಾವಕಾಶಯ್ಯ. ಅವನಷ್ಟು ನಿಯತ್ತಿನವನು ಕಾಡಿನಲ್ಲಿ ಬೇರೆ ಇರಲಿಲ್ಲ. ಅವನಷ್ಟು ನಿಧಾನವೂ ಯಾರಿಗೂ ಇರಲಿಲ್ಲ ಅನ್ನಿ.

ಮೊದಲ ವರ್ಷವೇ ತಂಟೆ ಶುರುವಾಯಿತು. ನಾಲ್ಕು ಹನಿ ಬಿದ್ದದ್ದೇ ತಡ, ಮೊಲ ಓಡಿ ಬಂದು ಬಾಯಿ ಬಡಿದುಕೊಂಡಿತು. "ಅಯ್ಯಯ್ಯೋ, ನನ್ನ ಹುರುಳಿಯೆಲ್ಲ ಕೊಚ್ಚಿಹೋಯಿತು!"

ಸಾವಕಾಶಯ್ಯ ಹೊಲ ನೋಡಲು ಹೊರಟ. ಅವನು ತಲುಪುವ ಹೊತ್ತಿಗೆ ಮೊಲ ಕೊಚ್ಚಿಹೋಗಿದ್ದ ಹುರುಳಿಯನ್ನು ಕೊಯ್ದು, ಬೇಯಿಸಿ, ತಿಂದು, ತೇಗಿ ಮಲಗಿತ್ತು!

ಆಗ ಎಲ್ಲರಿಗಿಂತ ಜೋರಾಗಿ ಕೂಗಾಡಿದವನು ಯಾರು ಗೊತ್ತೇ? ನಮ್ಮ ಮುಳ್ಳಪ್ಪ. "ಬಾಯಿಮಾತು ನಂಬಬಾರದು! ಮುಖ ನೋಡಿ ಮಣೆ ಹಾಕಬಾರದು! ಮಳೆಯನ್ನು ಅಳೆಯಬೇಕು, ಅಳತೆ ಹೇಳಿದ್ದೇ ತೀರ್ಪು!"

ಸರಿ, ಕುಂಬಾರರ ತಿಪ್ಪೆಯಿಂದ ಕೋತಿಗಳು ಅಂಚು ಮುಕ್ಕಾದ ಒಂದು ಮಣ್ಣಿನ ಬೋಗುಣಿ ಹೊತ್ತು ತಂದವು. ಗುಡ್ಡಕ್ಕೂ ಹಳ್ಳಕ್ಕೂ ನಡುವಿನ ಚಪ್ಪಟೆ ಬಂಡೆಯ ಮೇಲೆ ಅದನ್ನು ಇಟ್ಟರು. ಒಂದೇ ಮಳೆಗೆ ಬೋಗುಣಿ ತುಂಬಿ ತುಳುಕಿದರೆ ನೆರೆ ಬಂದಂತೆ, ಹಗೇವು ತೆರೆಯುವುದು. ತುಂಬದಿದ್ದರೆ ನೆರೆಯಿಲ್ಲ, ಹಗೇವೂ ಇಲ್ಲ. ದಿನಾ ಬೆಳಿಗ್ಗೆ ಸಾವಕಾಶಯ್ಯ ಬಂಡೆ ಹತ್ತಿ, ಬೋಗುಣಿ ನೋಡಿ, ನೀರು ಚೆಲ್ಲಿ ಇಳಿಯಬೇಕು. ಅವನ ಮನೆ ಬಂಡೆಯ ಬುಡದಲ್ಲೇ ಇತ್ತು. ಆದರೂ ಮೇಲೆ ಹತ್ತುವ ಹೊತ್ತಿಗೆ ಬಿಸಿಲೇರುತ್ತಿತ್ತು.

ಆಮೇಲೆ ಒಂದೆರಡು ವರ್ಷ ನೆರೆ ಬರಲಿಲ್ಲ. ಎಲ್ಲರ ಮನೆಯೂ ತುಂಬಿತು. ಎಲ್ಲರೂ ನಕ್ಕರು, ಮುಳ್ಳಪ್ಪ ಒಬ್ಬನನ್ನು ಬಿಟ್ಟು.

"ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ!" ಎಂದು ಬಿಲದಲ್ಲಿ ಕೂತು ಗೊಣಗಿದ. "ನನ್ನ ಚಿನ್ನದಂಥ ಗೆಣಸು ಆ ಗುಂಡಿಗೆ ಬಿತ್ತು. ವಾಪಸು ಬಂದದ್ದೇನು? ಮಣ್ಣು!"

ಸೂಜವ್ವ ಗೆಣಸು ಸುಡುತ್ತಿದ್ದಳು. "ಏನ್ರೀ, ನಿಮ್ಮ ಹೊಟ್ಟೆಯಲ್ಲಿ ಇರುವುದು ಗೆಣಸೋ, ಮಣ್ಣೋ? ಬೆಳೆಯೆಲ್ಲ ಮನೆಗೆ ಬಂದಿದೆ. ನೆರೆ ಬರಲಿಲ್ಲ ಅಂತ ಅಳುವವರನ್ನು ನಾನು ಇವತ್ತೇ ನೋಡಿದ್ದು."

"ನಿನಗೆ ಲೆಕ್ಕಾಚಾರ ಗೊತ್ತಾಗುವುದಿಲ್ಲ ಸುಮ್ಮನಿರೇ."

ಮರುದಿನ ಬೆಳಿಗ್ಗೆ ಹೊಲಕ್ಕೆ ಹೋಗುವಾಗ ಅವನು ಬಂಡೆಯ ಬಳಿ ನಿಂತ. ಹಿಂದಿನ ದಿನ ಸಣ್ಣ ಮಳೆಯಾಗಿತ್ತು. ಬೋಗುಣಿಯ ತಳದಲ್ಲಿ ತಿಳಿನೀರು. ಮುಳ್ಳಪ್ಪನ ತಲೆಯಲ್ಲಿ ಒಂದು ಯೋಚನೆ ಮಿಂಚಿತು.

"ಹೇಗೂ ಆ ಮುದುಕ ಬಂದು ಇದನ್ನು ಚೆಲ್ಲುತ್ತಾನೆ. ಚೆಲ್ಲುವ ನೀರನ್ನು ನಾನು ಕುಡಿದರೆ ಯಾರಪ್ಪನ ಗಂಟು ಹೋಯಿತು? ವಿಮೆಗೆ ಕೊಟ್ಟ ಗೆಣಸಿಗೆ ಒಂದು ಗುಟುಕು ನೀರಾದರೂ ವಸೂಲಾಗಲಿ!"

ಬಾಯಿ ಹಾಕಿ ಸೊರ್ ಎಂದು ಕುಡಿದ. ಆಹಾ! ಮಳೆನೀರು, ಮಣ್ಣಿನ ಬೋಗುಣಿ, ಬಿಟ್ಟಿ. ಬಿಟ್ಟಿ ಎಂದರೆ ರುಚಿ ತಾನೇ ಹೆಚ್ಚು.

ಅಂದಿನಿಂದ ಅದೇ ಚಾಳಿಯಾಯಿತು. ಮಳೆ ಬಂದ ಮರುದಿನ ಮುಳ್ಳಪ್ಪ ಮೊದಲು ಬಂಡೆಗೆ, ಆಮೇಲೆ ಹೊಲಕ್ಕೆ. ಬಾಯಾರಿಕೆ ಇರಲಿ ಬಿಡಲಿ, ಒಂದು ಹನಿ ಉಳಿಸುತ್ತಿರಲಿಲ್ಲ. ಪಕ್ಕದಲ್ಲೇ ಹಳ್ಳ ತುಂಬಿ ಹರಿಯುತ್ತಿದ್ದರೂ ಅದರ ನೀರು ಅವನಿಗೆ ರುಚಿಸುತ್ತಿರಲಿಲ್ಲ. ಅದು ಎಲ್ಲರಿಗೂ ಸಿಗುವ ನೀರು, ಅದರಲ್ಲಿ ವಸೂಲಿ ಏನಿದೆ?

ಪಾಪ ಸಾವಕಾಶಯ್ಯ, ಹತ್ತಿ ನೋಡಿ, "ಓಹೋ, ಮಳೆ ಸಾಲದು" ಎಂದು ಇಳಿಯುತ್ತಿದ್ದ.

ಹೀಗಿರಲು ಸ್ವಾತಿ ಮಳೆ ಬಂತು. ಗೆಣಸು ಬಲಿತು ಇನ್ನೇನು ಅಗೆಯಬೇಕು, ಅಷ್ಟರಲ್ಲಿ ಆಕಾಶಕ್ಕೆ ತೂತು ಬಿತ್ತೋ ಎನ್ನುವ ಹಾಗೆ ಸುರಿಯಿತು. ಯಾರೂ ಬಿಲ ಬಿಟ್ಟು ಹೊರಗೆ ಮೂಗು ಹಾಕಲಿಲ್ಲ. ಬೆಳಗಿನ ಹೊತ್ತಿಗೆ ಮಳೆ ನಿಂತಿತು. ಮುಳ್ಳಪ್ಪ ಬೇಗ ಬೇಗ ಹೊರಟ. ಹೊಲದ ಚಿಂತೆಗೆ ಅಂದುಕೊಂಡಿರಾ? ಅಲ್ಲ, ಬೋಗುಣಿಯ ಆಸೆಗೆ.

ಬೋಗುಣಿ ಅಂಚಿನ ತನಕ ತುಂಬಿ ತುಳುಕುತ್ತಿತ್ತು.

"ಅಬ್ಬಬ್ಬಾ! ಇವತ್ತು ಎಲ್ಲ ವರ್ಷದ್ದೂ ಒಟ್ಟಿಗೇ ವಸೂಲು!" ಎಂದು ಬಾಯಿ ಹಾಕಿದ. ಅರ್ಧಕ್ಕೆ ಬರುವಾಗ ಹೊಟ್ಟೆ ತುಂಬಿತು. ಆದರೂ ಬಿಡಲಿಲ್ಲ. ಉಸಿರು ಕಟ್ಟಿತು, ಸುಧಾರಿಸಿಕೊಂಡು ಮತ್ತೆ ಕುಡಿದ. ಕೊನೆಗೆ ಬೋಗುಣಿಯ ತಳವನ್ನೂ ನೆಕ್ಕಿ, ಹೊಟ್ಟೆಯನ್ನು ನೆಲಕ್ಕೆ ಎಳೆದುಕೊಂಡು ಗುಳುಗುಳು ಸದ್ದು ಮಾಡುತ್ತ ಕೆಳಗಿಳಿದ.

ಕೆಳಗೆ ಹೊಲವೇ ಇರಲಿಲ್ಲ! ಹಳ್ಳ ದಂಡೆ ಮೀರಿ ಹರಡಿ, ಎಲ್ಲ ಕೆಂಪು ನೀರು. ಅವನ ಗೆಣಸಿನ ಬಳ್ಳಿಗಳು ತೇಲಿಹೋಗುತ್ತಿದ್ದವು. ಶೇಂಗಾ ಗಿಡಗಳನ್ನು ಹಿಡಿಯಲು ಹೋದ ಚುರುಕವ್ವ ನೀರಿನ ಅಂಚಿನಲ್ಲಿ ಕೂತು ಅಳುತ್ತಿದ್ದಳು. ಮೊಲ ಕಿವಿ ಇಳಿಬಿಟ್ಟು ನಿಂತಿತ್ತು. ಈ ಸಲ ಅದರ ಬಾಯಲ್ಲಿ ಸುಳ್ಳು ಹೇಳುವ ತ್ರಾಣವೂ ಇರಲಿಲ್ಲ.

ಸೂಜವ್ವ, ಮರಿಗಳು, ಮುಂದಿನ ಬೆಳೆಯವರೆಗಿನ ದಿನಗಳು ಎಲ್ಲ ಮುಳ್ಳಪ್ಪನ ಕಣ್ಣ ಮುಂದೆ ಬಂದವು. ಮರುಕ್ಷಣವೇ ಹಗೇವಿನ ನೆನಪಾಯಿತು.

"ಅಳಬೇಡ ತಂಗಿ! ನಮಗೆ ವಿಮೆ ಇದೆ!" ಎಂದು ಕೂಗಿದ. "ಎಲ್ಲರೂ ಬನ್ನಿ! ಸಾವಕಾಶಯ್ಯನನ್ನು ಕರೆಯಿರಿ! ಬೋಗುಣಿ ನೋಡೋಣ ಬನ್ನಿ, ಬೋಗುಣಿ ಹೇಳಿದ್ದೇ ತೀರ್ಪು..."

ಮಾತು ಅಲ್ಲಿಗೇ ನಿಂತಿತು. ಹೊಟ್ಟೆಯೊಳಗಿಂದ ಗುಳುಕ್ ಎಂದಿತು.

ಆದರೆ ಅಷ್ಟರಲ್ಲಿ ಎಲ್ಲರೂ ಬಂಡೆಯ ಕಡೆ ಓಡಿಯಾಗಿತ್ತು. ಸೂಜವ್ವ ಮರಿಗಳನ್ನು ಕಟ್ಟಿಕೊಂಡು ಗುಡ್ಡದಿಂದ ಇಳಿದು ಬಂದಳು. ಸಾವಕಾಶಯ್ಯ ಕೊನೆಗೂ ಬಂಡೆ ಹತ್ತಿ, ಕತ್ತು ಚಾಚಿ ಬೋಗುಣಿಯೊಳಗೆ ನೋಡಿದ.

"ಒಣಗಿದೆ" ಎಂದ.

"ಅಜ್ಜಾ, ಕೆಳಗೆ ನೋಡು! ಹೊಲವೆಲ್ಲ ಸಮುದ್ರವಾಗಿದೆ!" ಎಂದಿತು ಮೊಲ.

"ನನ್ನ ಕಣ್ಣಿಗೆ ನೆರೆ ಕಾಣುತ್ತಿದೆ ಮಗಾ. ನನ್ನ ಮನೆಯೊಳಗೇ ನೀರು ನುಗ್ಗಿ ನಾನು ಈಜಿಕೊಂಡು ಆಚೆ ಬಂದೆ. ಆದರೆ ಬೋಗುಣಿಗೆ ನೆರೆ ಕಾಣುತ್ತಿಲ್ಲವಲ್ಲ! ಮುಖ ನೋಡಿ ಮಣೆ ಹಾಕಬಾರದು ಅಂತ ಮುಳ್ಳಪ್ಪನೇ ಹೇಳಿದ್ದು. ಇವತ್ತು ನನ್ನ ಕಣ್ಣು ನಂಬಿ ತೆರೆದರೆ ನಾಳೆ ನಿನ್ನ ಬಾಯಿ ನಂಬಿ ತೆರೆಯಬೇಕಾಗುತ್ತದೆ. ಹಗೇವು ಬರಿದಾದರೆ ಎಲ್ಲರ ಗತಿ ಏನು?"

ಎಲ್ಲರೂ ಮುಳ್ಳಪ್ಪನ ಕಡೆ ತಿರುಗಿದರು.

"ಬಿಸಿಲಿಗೆ... ಬಿಸಿಲಿಗೆ ಆರಿಹೋಗಿರಬೇಕು" ಎಂದ ಮುಳ್ಳಪ್ಪ.

ಎಲ್ಲರೂ ಆಕಾಶ ನೋಡಿದರು. ಕರಿ ಮೋಡ. ಬಿಸಿಲು ಬಂದು ವಾರವಾಗಿತ್ತು.

"ಯಾರೋ ಕುಡಿದಿದ್ದಾರೆ" ಎಂದಿತು ಕಾಗೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮುಳ್ಳಪ್ಪ ಹೊಟ್ಟೆ ಮುಟ್ಟಿ ನೋಡಿಕೊಂಡ. ಹೊಟ್ಟೆ "ಗುಳುಗುಳು" ಎಂದಿತು.

"ಎಲ್ಲೋ ಹಳ್ಳದ ಸದ್ದು" ಎಂದ ಅವನು.

"ನಿಮ್ಮ ಹೊಟ್ಟೆಯಿಂದಲೇ ಬಂತಲ್ರೀ ಆ ಹಳ್ಳದ ಸದ್ದು!" ಎಂದಳು ಸೂಜವ್ವ.

ಮುಳ್ಳಪ್ಪ ಇನ್ನೊಂದು ಸುಳ್ಳು ಹೇಳುವವನೇ ಇದ್ದ. ಅಷ್ಟರಲ್ಲಿ ಚುರುಕವ್ವನ ಪುಟ್ಟ ಮರಿ ಅಮ್ಮನ ಬಾಲ ಜಗ್ಗಿ ಕೇಳಿತು. "ಅಮ್ಮಾ, ನಾಳೆ ಏನು ತಿನ್ನುವುದು?" ಅವನ ಮರಿಗಳೂ ಅದನ್ನೇ ಕೇಳುವ ಹಾಗೆ ಅವನ ಮುಖ ನೋಡಿದವು.

ಮುಳ್ಳಪ್ಪನಿಗೆ ನಾಚಿಕೆಯಾಯಿತು. ಎಷ್ಟು ನಾಚಿಕೆಯೆಂದರೆ ಬೆನ್ನಿನ ಮುಳ್ಳುಗಳೆಲ್ಲ ಬಾಡಿದ ಹುಲ್ಲಿನ ಹಾಗೆ ಬಿದ್ದುಕೊಂಡವು.

"ನಾನೇ ಕುಡಿದೆ" ಎಂದ. "ಕೊಟ್ಟ ಗೆಣಸು ದಂಡವಾಯಿತು ಅಂತ ವಸೂಲಿಗೆ ಕೂತೆ. ಬೋಗುಣಿ ತುಂಬಿ ತುಳುಕುತ್ತಿತ್ತು. ಆ ಮಳೆಯೆಲ್ಲ ಇಲ್ಲಿದೆ, ನನ್ನ ಹೊಟ್ಟೆಯಲ್ಲಿ. ನನಗೆ ಏನು ಬೇಕಾದರೂ ಮಾಡಿ, ಮಕ್ಕಳನ್ನು ಉಪವಾಸ ಕೆಡವಬೇಡಿ."

ಸಾವಕಾಶಯ್ಯ ಬಹಳ ಹೊತ್ತು ಯೋಚಿಸಿದ. ಅವನಿಗೆ ಅದು ಸ್ವಲ್ಪ ಹೊತ್ತು. "ಬಾಯಿಮಾತು ಸಾಕ್ಷಿಯಾಗುವುದಿಲ್ಲ ಮುಳ್ಳಪ್ಪ. ಮಳೆಯನ್ನು ಅಳೆಯಬೇಕು. ಮಲಗು."

"ಆಂ?"

"ಅಂಗಾತ ಮಲಗು. ಬಾಯಿ ಬೋಗುಣಿಯ ಕಡೆ ಇರಲಿ."

ಬಂಡೆಯ ಪಕ್ಕದ ಹಸಿಮಣ್ಣಿನಲ್ಲಿ ಮುಳ್ಳಪ್ಪ ಅಂಗಾತ ಮಲಗಿದ. ಬೆನ್ನಿನ ಮುಳ್ಳೆಲ್ಲ ಕಚಕಚನೆ ಮಣ್ಣಿಗೆ ಇಳಿದವು. ಕೋತಿಗಳು ಬೋಗುಣಿಯನ್ನು ತಂದು ಬಾಯಿಗೆ ಹಿಡಿದವು. ಸಾವಕಾಶಯ್ಯ ಅವನ ಹೊಟ್ಟೆಯ ಮೇಲೆ ಹತ್ತತೊಡಗಿದ. ಒಂದು ಕಾಲಿಟ್ಟ. ನಿಂತ. ಇನ್ನೊಂದು ಕಾಲಿಟ್ಟ.

"ಅಜ್ಜಾ, ಬೇಗ!" ಎಂದು ಮುಳ್ಳಪ್ಪ ಗೋಗರೆದ.

"ಅವಸರ ಒಳ್ಳೆಯದಲ್ಲಪ್ಪ" ಎಂದು ಸಾವಕಾಶಯ್ಯ ಪೂರ್ತಿ ಹತ್ತಿ, ಚಿಪ್ಪಿನ ಭಾರವನ್ನೆಲ್ಲ ಬಿಟ್ಟು ಗಟ್ಟಿಯಾಗಿ ಕೂತ.

ಬುಳಕ್! ಬುಳಬುಳಬುಳ ಬುಳಕ್!

ಬೋಗುಣಿ ತುಂಬಿತು. ಅಂಚು ಮುಟ್ಟಿತು. ತುಳುಕಿತು. ಕೊನೆಯಲ್ಲಿ ಒಂದು ಪುಟ್ಟ ಕಪ್ಪೆಮರಿಯೂ ಆಚೆ ಬಂದು, ಕಣ್ಣು ಪಿಳಿಪಿಳಿ ಬಿಟ್ಟು, ಯಾರಿಗೂ ಏನೂ ಹೇಳದೆ ಹಾರಿಹೋಯಿತು.

ಸಾವಕಾಶಯ್ಯ ಇಣುಕಿ ನೋಡಿ ಗಂಭೀರವಾಗಿ ಹೇಳಿದ. "ನೆರೆ ಬಂದಿದೆ."

"ಬಂದಿದೆ! ಬಂದಿದೆ!" ಎಂದು ಎಲ್ಲರೂ ಕುಣಿದಾಡಿದರು. ನೆರೆ ಬಂದದ್ದಕ್ಕೆ ಯಾರಾದರೂ ಅಷ್ಟು ಕುಣಿದದ್ದು ಅದೇ ಮೊದಲು.

ಮುಳ್ಳಪ್ಪ ಏಳಲು ಹೋದ, ಆಗಲಿಲ್ಲ. ಮುಳ್ಳೆಲ್ಲ ಮಣ್ಣಿನಲ್ಲಿ ನಾಟಿಕೊಂಡಿದ್ದವು. ಎಲ್ಲರೂ ಸೇರಿ ಕಾಲು ಹಿಡಿದು ಜಗ್ಗಿ, ಐಸಾ ಎಂದು ಕಿತ್ತರು.

"ಈ ಸುಗ್ಗಿಗೆ ನಮ್ಮ ಮನೆಗೆ ಸಿಕ್ಕ ಗೆಡ್ಡೆ ಇದೊಂದೇ!" ಎಂದಳು ಸೂಜವ್ವ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಳ್ಳಪ್ಪನೂ ನಕ್ಕ, ಹೊಟ್ಟೆ ನೋಯುತ್ತಿದ್ದುದರಿಂದ ಸ್ವಲ್ಪ ಕಡಿಮೆ ನಕ್ಕ.

ಹಗೇವು ತೆರೆದರು. ಮೊಲಕ್ಕೆ ಪಾಲು ಸಿಕ್ಕಿತು, ಚುರುಕವ್ವನಿಗೆ ಸಿಕ್ಕಿತು. ಮುಳ್ಳಪ್ಪ ತಲೆತಗ್ಗಿಸಿ ದೂರ ನಿಂತಿದ್ದ.

"ಬಾರಯ್ಯ" ಎಂದ ಸಾವಕಾಶಯ್ಯ. "ನೀನೂ ಕೊಟ್ಟಿದ್ದೀಯ, ನಿನ್ನ ಹೊಲವೂ ಹೋಗಿದೆ. ಪಾಲು ನಿನಗೂ ಉಂಟು. ಆದರೆ ಇನ್ನು ಮೇಲೆ ಮಳೆ ಬಂದಾಗೆಲ್ಲ ಬೋಗುಣಿಗೆ ನೀನೇ ಕಾವಲು."

ಮುಳ್ಳಪ್ಪ ಹಗೇವಿನೊಳಗೆ ಬಗ್ಗಿ ನೋಡಿದ. ಮಣ್ಣುಪಾಲಾಯಿತು ಎಂದು ಅವನು ಅಷ್ಟು ದಿನ ಅತ್ತಿದ್ದ ಗೆಣಸಿನ ಹೋಳುಗಳು ಅಲ್ಲೇ ಇದ್ದವು, ಗರಿಗರಿಯಾಗಿ, ಅವನ ಮುಳ್ಳಿನ ತೂತುಗಳ ಸಮೇತ. ಅವುಗಳ ಪಕ್ಕದಲ್ಲಿ ಮೊಲದ ಹುರುಳಿ, ಚುರುಕವ್ವನ ಶೇಂಗಾ. ಅವನಿಗೆ ಅಳು ಬಂತು. ಆ ವರ್ಷ ಅವನ ಮರಿಗಳು ಒಂದು ದಿನವೂ ಉಪವಾಸ ಮಲಗಲಿಲ್ಲ.

ಮುಂದಿನ ವರ್ಷ ಮಳೆ ಹದವಾಗಿ ಬಂತು, ಬೆಳೆ ಸೊಗಸಾಗಿ ಬಂತು. ಎಲ್ಲರಿಗಿಂತ ಮೊದಲು ಹಗೇವಿಗೆ ಗೆಣಸು ತಂದವನು ಮುಳ್ಳಪ್ಪ. ಚುರುಕವ್ವ ಬೇಕೆಂದೇ ಕೆಣಕಿದಳು. "ಏನಣ್ಣ, ಈ ವರ್ಷವೂ ನೆರೆ ಬರಲಿಲ್ಲ. ನಿನ್ನ ಗೆಣಸು ದಂಡವಾಯಿತಲ್ಲ?"

"ದಿನಾ ದಂಡವಾಗಲಿ ತಾಯಿ! ಹೀಗೇ ದಂಡವಾಗುತ್ತಲೇ ಇರಲಿ!" ಎಂದು ಮುಳ್ಳಪ್ಪ ಕೈಮುಗಿದ. ಆಮೇಲೆ ಬಾಯಾರಿತು ಎಂದು ಗುಡ್ಡ ಇಳಿದು ಬಂಡೆಯ ಬಳಿ ಬಂದ. ಬೋಗುಣಿಯಲ್ಲಿ ತಿಳಿನೀರು ಪಳಪಳ ಹೊಳೆಯುತ್ತಿತ್ತು. ಅವನು ಅದರ ಕಡೆ ಬೆನ್ನು ಹಾಕಿ, ನೀರು ಕುಡಿಯಲು ಹಳ್ಳದವರೆಗೂ ನಡೆದುಕೊಂಡು ಹೋದ.

ನೀತಿ: ವಿಮೆಗೆ ಕೊಟ್ಟ ಪಾಲು ವಾಪಸು ಬರಲಿಲ್ಲವೆಂದರೆ ಬೆಳೆ ಮನೆಗೆ ಬಂದಿದೆ ಎಂದೇ ಅರ್ಥ, ಎಲ್ಲರನ್ನೂ ಕಾಯುವ ಅಳತೆಗೆ ಬಾಯಿ ಹಾಕಿದವನು ತನ್ನ ಅನ್ನಕ್ಕೇ ಬಾಯಿ ಹಾಕಿದಂತೆ.