ಫೋನಿಗೆ ಹಿಡಿದ ಗ್ರಹಣ

ನಂಜನಗೂಡಿನಲ್ಲಿ ಸರ್ವಮಂಗಳಮ್ಮ ಎಂಬ ಗೃಹಿಣಿಯಿದ್ದರು. ಅವರ ಮನೆಗೆ ಸೊಸೆಯಾಗಿ ಬಂದ ಭುವನಾ ದೂರದ ವಿಜಯಪುರದ ಹುಡುಗಿ. ಮದುವೆಯಾಗಿ ಕೆಲವು ವರುಷ ಎಲ್ಲರೂ ಹಾದಿ ಕಾದ ಮೇಲೆ ಆಕೆ ಗರ್ಭಿಣಿಯಾದಳು. ಆ ಶುಭವಾರ್ತೆಯನ್ನು ಕೇಳಿದ ದಿನವೇ ಸರ್ವಮಂಗಳಮ್ಮನವರಿಗೆ ಸಂತೋಷವೂ ಭಯವೂ ಒಟ್ಟಿಗೇ ಆರಂಭವಾದವು. ಸೊಸೆ ಬಗ್ಗಿದರೆ ಭಯ, ಎದ್ದರೆ ಭಯ, ಸೀನಿದರೂ ಭಯ. ಪರಂಗಿ ಹಣ್ಣು ಮನೆಯ ಹೊಸಿಲನ್ನು ದಾಟದಾಯಿತು. ಬಚ್ಚಲಿನ ಕಲ್ಲನ್ನು ಪಾಚಿ ಕಟ್ಟದಂತೆ ಅವರೇ ದಿನವೂ ಉಜ್ಜತೊಡಗಿದರು.

ಹೀಗಿರಲು ಒಂದು ಮುಂಜಾನೆ ಬಂಧುಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಬಂದಿತು. ಮೊಬೈಲಿನಿಂದ ಹೊರಡುವ ಕಿರಣಗಳು ಗರ್ಭಸ್ಥ ಶಿಶುವಿನ ಬೆಳೆಯುವ ಮೆದುಳಿಗೆ ವಿಷಸಮಾನವೆಂದೂ, ತಿಳಿದೂ ಸುಮ್ಮನಿರುವುದು ಪಾಪವೆಂದೂ, ಓದಿದವರು ಒಡನೆಯೇ ಇತರರಿಗೆ ಕಳುಹಿಸಬೇಕೆಂದೂ ಅದರಲ್ಲಿ ಬರೆದಿತ್ತು. ಬರೆದವರಾರು, ಅವರಿಗೆ ಹೇಳಿದವರಾರು ಎಂಬುದು ಮಾತ್ರ ಇರಲಿಲ್ಲ. ಸರ್ವಮಂಗಳಮ್ಮನವರು ಕನ್ನಡಕವೇರಿಸಿಕೊಂಡು ಅದನ್ನು ಮತ್ತೆ ಮತ್ತೆ ಓದಿದರು. ಅವರ ಪತಿ ಗುರುಮಲ್ಲಪ್ಪನವರು ನಿವೃತ್ತ ಡ್ರಾಯಿಂಗ್ ಮೇಷ್ಟರು. ಮಡದಿಯನ್ನು ರೇಗಿಸುವ ಕಾರ್ಯದಿಂದ ಇನ್ನೂ ನಿವೃತ್ತರಾಗಿರಲಿಲ್ಲ.

"ಏನೇ ಮಂಗಳ, ಕಿರಣ ಬರುತ್ತೆ ಅನ್ನೋದನ್ನ ಮೂಗಿಗೆ ತಗುಲಿಸಿಕೊಂಡೇ ಓದ್ತಾ ಇದ್ದೀಯಲ್ಲ!" ಎಂದರು ಅವರು.

"ನನ್ನ ಮೆದುಳು ಬೆಳೆಯೋದು ಯಾವತ್ತೋ ಮುಗಿದುಹೋಗಿದೆ. ನೀವು ಸುಮ್ಮನಿರಿ."

"ಓಹೋ, ಬೆಳೆಯೋಕೆ ಶುರುವಾಗಿದ್ದು ಯಾವಾಗ? ನನಗೆ ಗೊತ್ತೇ ಆಗಲಿಲ್ಲ!"

ಸರ್ವಮಂಗಳಮ್ಮನವರು ನಗಲಿಲ್ಲ. ಕಣ್ಣಿಗೆ ಕಾಣದ ಕೇಡನ್ನು ತಡೆಯುವ ಒಂದೇ ಒಂದು ವಿಧಾನವನ್ನು ಅವರು ತಮ್ಮ ಅತ್ತೆಯಿಂದ ಕಲಿತಿದ್ದರು. ಗ್ರಹಣ ಹಿಡಿಯಿತೆಂದರೆ ಉಪ್ಪಿನಕಾಯಿಯ ಭರಣಿಯ ಮೇಲೆ ದರ್ಭೆ, ಕುಡಿಯುವ ನೀರಿನ ಕೊಡದ ಮೇಲೆ ದರ್ಭೆ. ಬಸುರಿಯಾದವಳು ಒಳಕೋಣೆಯಲ್ಲಿ, ಕಿಟಕಿ ಭದ್ರ. ಅದೇ ಶಾಸ್ತ್ರವನ್ನು ಈಗ ಮೊಬೈಲಿಗೂ ಅನ್ವಯಿಸಿದರು. ತಮ್ಮ ಫೋನನ್ನೂ ಗಂಡಸರ ಫೋನುಗಳನ್ನೂ ಒಂದು ಬಿದಿರಿನ ಬುಟ್ಟಿಯಲ್ಲಿಟ್ಟು, ಮೇಲೆ ದರ್ಭೆಯನ್ನು ಹರಡಿ, ಬೀದಿಯ ಕಡೆಯ ಕೋಣೆಯ ಕಿಟಕಿಯಲ್ಲಿ ಇರಿಸಿದರು. ಗಂಡಸರು ಬೇಕಾದರೆ ಅಲ್ಲಿಯೇ ನಿಂತು ಮಾತಾಡಿ ಬರಬೇಕು.

"ನಿನ್ನ ಫೋನನ್ನೂ ಇದರಲ್ಲೇ ಇಡು. ಮಗು ಕೈಗೆ ಬರೋವರೆಗೂ ನೀನು ಅದನ್ನ ಮುಟ್ಟಲೇಬೇಡ ಕಣಮ್ಮ" ಎಂದರು ಸೊಸೆಗೆ.

"ಅಮ್ಮ, ಅಷ್ಟೊಂದೆಲ್ಲ ಯಾಕೆ?" ಎಂದು ಮಗ ಶಶಾಂಕ ಮೆಲ್ಲಗೆ ರಾಗವೆಳೆದ.

"ಹೆರೋನು ನೀನೇನೋ?"

ಅವನು ಚೀಲವನ್ನು ಹೆಗಲಿಗೇರಿಸಿ ಕೆಲಸಕ್ಕೆ ಹೊರಟುಹೋದ. ಭುವನಾ ತುಸು ಹೊತ್ತು ತನ್ನ ಫೋನನ್ನು ಕೈಯಲ್ಲಿಯೇ ಹಿಡಿದಿದ್ದಳು. ಅನಂತರ "ಆಗಲಿ ಅತ್ತೆ" ಎಂದು ಬುಟ್ಟಿಯಲ್ಲಿಟ್ಟಳು. ಹಿರಿಯರಿಗೆ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ.

ಆ ಫೋನು ಸೊಸೆಗೆ ಏನಾಗಿತ್ತೆಂಬುದು ಸರ್ವಮಂಗಳಮ್ಮನವರಿಗೆ ತಿಳಿಯದು. ಭುವನಾಳ ತಾಯಿ ನೀಲಮ್ಮ ವಿಜಯಪುರದಲ್ಲಿ ಖಾನಾವಳಿ ನಡೆಸುತ್ತಿದ್ದಳು. ಗಂಡನಿಲ್ಲದ ಹೆಂಗಸು, ದಿನದ ಊಟಕ್ಕೆ ನಂಬಿ ಬರುವವರನ್ನು ಬಿಟ್ಟು ಮಗಳ ಮನೆಗೆ ಬಂದು ಕೂರುವಂತಿರಲಿಲ್ಲ. ಮಧ್ಯಾಹ್ನದ ಊಟದವರೆಲ್ಲ ಎದ್ದುಹೋದ ಮೇಲೆ ಅವಳು ಮಗಳಿಗೆ ಫೋನು ಮಾಡುವಳು. ಅತ್ತೆಯ ಮನೆಯಲ್ಲಿ ದಿನವಿಡೀ ನಂಜನಗೂಡಿನ ಮಾತನ್ನು ಎಚ್ಚರಿಕೆಯಿಂದ ಆಡುತ್ತಿದ್ದ ಹುಡುಗಿಗೆ ಆ ಸ್ವಲ್ಪ ಹೊತ್ತಿನಲ್ಲಿ ತನ್ನ ತಾಯ್ನುಡಿಯ ಧಾಟಿ ಮರಳಿ ದೊರೆಯುತ್ತಿತ್ತು. ಈಗ ಅದು ನಿಂತಿತು. ನೀಲಮ್ಮನ ಕರೆ ಬಂದಾಗಲೆಲ್ಲ ಗುರುಮಲ್ಲಪ್ಪನವರು ಕಿಟಕಿಯ ಬಳಿ ನಿಂತು, "ಚೆನ್ನಾಗಿದ್ದಾಳೆ ಬೀಗರೇ, ಈಗ ತಾನೇ ಮಲಗಿದಳು" ಎನ್ನುವರು. ಹೆಂಡತಿ ಹೇಳಿಕೊಟ್ಟ ಮಾತು ಅದು. ಹೇಳಿ ಮುಗಿಸಿ ಮುಖ ಸಿಂಡರಿಸಿಕೊಂಡು ಒಳಗೆ ಬರುವರು.

ದಿನಗಳು ಕಳೆದವು. ಭುವನಾಳ ತಟ್ಟೆಯಲ್ಲಿ ಅನ್ನ ಉಳಿಯತೊಡಗಿತು. ಸರ್ವಮಂಗಳಮ್ಮನವರು ತುಪ್ಪ ಹೆಚ್ಚಿಸಿದರು; ಅನ್ನ ಇನ್ನೂ ಹೆಚ್ಚು ಉಳಿಯಿತು. ಮುದ್ದೆ ಮಾಡಿದರು, ಬಸ್ಸಾರು ಮಾಡಿದರು, ಪಾಯಸ ಮಾಡಿದರು. "ಸಾಕು ಅತ್ತೆ" ಎಂಬ ಮಾತೊಂದೇ ಆ ಹುಡುಗಿಯ ಬಾಯಿಂದ ಬರುತ್ತಿದ್ದುದು. ಅವಳ ಬಳೆಗಳು ಮುಂಗೈಯಿಂದ ಜಾರುವುದು ಅತ್ತೆಯ ಕಣ್ಣಿಗೆ ಬಿತ್ತು. ಕಿರಣಗಳು ಬೀದಿಯ ಕಿಟಕಿಯಿಂದಲೂ ಬರುತ್ತಿವೆಯೋ ಏನೋ ಎಂದು ಅವರು ಬುಟ್ಟಿಯನ್ನು ಜಗಲಿಗೆ ಸಾಗಿಸಿದರು.

ತಪಾಸಣೆಯ ದಿನ ಡಾಕ್ಟರ್ ಮಾಲಿನಿಯವರು ಭುವನಾಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಹುಬ್ಬು ಗಂಟಿಕ್ಕಿದರು. ಏರಬೇಕಾದ ತೂಕ ಇಳಿದಿತ್ತು.

"ಇದು ಹೀಗೇ ಮುಂದುವರಿದರೆ ಮಗುವಿಗೆ ಒಳ್ಳೆಯದಲ್ಲ. ಊಟ ಸೇರುತ್ತೇನಮ್ಮಾ?"

"ಎಲ್ಲಾ ಮಾಡಿ ಬಡಿಸ್ತೀನಿ ಡಾಕ್ಟರೇ" ಎಂದರು ಸರ್ವಮಂಗಳಮ್ಮ.

"ನಿದ್ದೆ ಬರುತ್ತಾ?"

"ಮಧ್ಯಾಹ್ನ ನಾನೇ ಮಲಗಿಸ್ತೀನಿ."

"ಅಮ್ಮಾ, ಬಸುರಿ ನೀವೋ ಅವರೋ?"

ವೈದ್ಯೆ ಭುವನಾಳ ಕಡೆ ತಿರುಗಿ, "ಮನಸ್ಸಿಗೇನಾದರೂ ಬೇಸರವೇನಮ್ಮಾ?" ಎಂದರು. ಹುಡುಗಿ ಇಲ್ಲವೆಂದು ತಲೆಯಾಡಿಸಿದಳು; ಕಣ್ಣೀರು ಮಾತ್ರ ಕೆನ್ನೆಯ ಮೇಲೆ ಇಳಿಯಿತು. ಅದನ್ನು ಕಂಡು ಸರ್ವಮಂಗಳಮ್ಮನವರು ಕಂಗಾಲಾದರು.

"ಏನೂ ಕಮ್ಮಿ ಮಾಡಿಲ್ಲ ಡಾಕ್ಟರೇ! ಕಿರಣ ತಾಗೀತು ಅಂತ ಮೊಬೈಲ್ ಕೂಡ ಮುಟ್ಟಿಸಿಲ್ಲ. ತಾಯಿಯ ಫೋನ್ ಬಂದರೂ ಕೊಟ್ಟಿಲ್ಲ. ಅಷ್ಟು ಜೋಪಾನವಾಗಿ ನೋಡ್ಕೊಂಡಿದ್ದೀನಿ."

ವೈದ್ಯೆ ಪೆನ್ನನ್ನು ಕೆಳಗಿಟ್ಟರು. ಗದರುವರೆಂದುಕೊಂಡರೆ ಅವರ ದನಿ ಮೃದುವಾಗಿತ್ತು. "ಇದರ ಮೇಲೆ ಸಂಶೋಧನೆ ಇನ್ನೂ ನಡೀತಾ ಇದೆ, ಅಮ್ಮಾ. ಸಾಮಾನ್ಯವಾಗಿ ಬಳಸೋದರಿಂದ ಹೊಟ್ಟೆಯಲ್ಲಿರೋ ಮಗುವಿಗೆ ಕೆಡುಕಾಗುತ್ತೆ ಅಂತ ಈವರೆಗೆ ಖಚಿತವಾಗಿ ಕಂಡುಬಂದಿಲ್ಲ. ಆದರೂ ಮನಸ್ಸು ತಡೆಯದಿದ್ದರೆ ಕಿವಿಗೆ ಒತ್ತಿಕೊಳ್ಳೋದು ಬೇಡ, ದಿಂಬಿನ ಕೆಳಗೂ ಬೇಡ. ಸ್ಪೀಕರ್ ಹಾಕಿ ಎದುರಿಗಿಟ್ಟುಕೊಂಡು ಮಾತಾಡಲಿ. ದೂರ ಇಟ್ಟಷ್ಟೂ ಅದರ ಪ್ರಭಾವ ಬೇಗ ಇಳಿದುಹೋಗುತ್ತೆ. ಆ ಕಿರಣದ ವಿಷಯ ಹೀಗೆ. ಆದರೆ ಬಸುರಿ ಊಟ ಬಿಟ್ಟು ಕೊರಗಿದರೆ ಏನಾಗುತ್ತೆ ಅನ್ನೋದಕ್ಕೆ ಸಂಶೋಧನೆ ಬೇಕಾ, ಹೇಳಿ?"

ಸರ್ವಮಂಗಳಮ್ಮನವರು ಮನೆ ಸೇರಿದೊಡನೆ ಬುಟ್ಟಿಯ ಮೇಲಿನ ದರ್ಭೆಯನ್ನು ತೆಗೆದುಹಾಕಿದರು. ಮರುದಿನ ಮಧ್ಯಾಹ್ನ ಹಜಾರದ ನಡುವೆ ಒಂದು ಸ್ಟೂಲನ್ನು ತಂದಿರಿಸಿ, ಅದರ ಮೇಲೆ ಸೊಸೆಯ ಫೋನನ್ನಿಟ್ಟರು. ಭುವನಾಳ ಕುರ್ಚಿಯನ್ನು ಗೋಡೆಯ ಪಕ್ಕಕ್ಕೆ ಎಳೆದರು. ಸಾಲದೆಂದು ತೋರಿ ಸ್ಟೂಲನ್ನು ಇನ್ನಷ್ಟು ಹಿಂದೆ ಸರಿಸಿದರು.

"ಇನ್ನೂ ಸ್ವಲ್ಪ ಸರಿಸಿಬಿಡು, ಪಕ್ಕದ ಮನೆಯವರೇ ಮಾತಾಡಿ ಮುಗಿಸ್ತಾರೆ" ಎಂದರು ಗುರುಮಲ್ಲಪ್ಪನವರು.

"ನಿಮ್ಮ ಅಭಿಪ್ರಾಯ ಯಾರೂ ಕೇಳಲಿಲ್ಲ. ಮಾಡಮ್ಮ ಭುವನಾ, ನಿಮ್ಮ ತಾಯಿಗೆ ಮಾಡು."

ಹೀಗೆ ಹೇಳಿ ಅವರು ಮೊರದ ತುಂಬ ಅವರೆಕಾಯಿ ತೆಗೆದುಕೊಂಡು ಮೂಲೆಯಲ್ಲಿ ಸುಲಿಯಲು ಕುಳಿತರು. ಕಿವಿಗೆ ಬೀಳದಂತೆ ಇರಬೇಕೆಂಬುದೇ ಅವರ ಸಂಕಲ್ಪ. ಆದರೆ ಸ್ಪೀಕರಿನ ಮಾತು ಮೂಲೆಯನ್ನು ಬಿಟ್ಟು ಹೋಗುತ್ತದೆಯೇ? ಅಂತರಂಗದಲ್ಲಿ ಅಳುಕೂ ಇತ್ತು. ಹುಡುಗಿ ಈಗ ನನ್ನ ಮೇಲಿನ ದೂರನ್ನೆಲ್ಲ ತಾಯಿಗೆ ಒಪ್ಪಿಸುವಳು. ಒಪ್ಪಿಸಲಿ, ಕೇಳಿಸಿಕೊಳ್ಳುವೆನು, ಎಂದು ಮನಸ್ಸನ್ನು ಗಟ್ಟಿಮಾಡಿಕೊಂಡರು.

"ಯವ್ವಾ!" ಎಂಬ ನೀಲಮ್ಮನ ಕೂಗು ಫೋನಿನಿಂದ ಹೊರಟು ಹಜಾರವನ್ನು ತುಂಬಿತು. "ಹ್ಯಾಂಗ ಇದ್ದಿ ನನ್ನವ್ವಾ? ನಿನ್ನ ದನಿ ಕೇಳಿ ಎಷ್ಟು ದಿನ ಆತು! ಯಾವಾಗ ಹಚ್ಚಿದ್ರೂ ಮಲಗ್ಯಾಳ, ಮಲಗ್ಯಾಳ ಅಂತಾರ ಮಾವ. ನಾ ಬಂದು ನೋಡ್ಲಿಲ್ಲ ಅಂತ ನನ್ನ ಮ್ಯಾಲ ಸಿಟ್ಟಾಗೀಯೇನ? ಖರೇ ಹೇಳು. ಸಿಟ್ಟಾಗಿದ್ರ ನಾಳೆನ ಖಾನಾವಳಿ ಕದಾ ಹಾಕಿ ಬರ್ತೀನಿ."

ಅವರೆಕಾಯಿ ಸುಲಿಯುತ್ತಿದ್ದ ಬೆರಳುಗಳು ನಿಂತವು. ದೂರದ ಊರಿನಲ್ಲಿ ಒಬ್ಬ ತಾಯಿ ತಾನೇ ತಪ್ಪಿತಸ್ಥಳೆಂದು ನೋಯುತ್ತಿರಬಹುದೆಂಬುದು ಸರ್ವಮಂಗಳಮ್ಮನವರಿಗೆ ಅದುವರೆಗೂ ಹೊಳೆದಿರಲಿಲ್ಲ.

"ಸಿಟ್ಟಿಲ್ಲವ್ವಾ, ಏನಿಲ್ಲ" ಎಂದಳು ಭುವನಾ. ಅತ್ತೆಯ ಕಡೆ ಅವಳು ನೋಡಲಿಲ್ಲ. "ಬರೇ ನಿದ್ದಿ ಬರ್ತೈತಿ, ಮಲ್ಕೊಂಡಬಿಡ್ತೀನಿ. ನಂದ ತಪ್ಪು. ಅತ್ತಿ ನನ್ನ ಭಾಳ ಛಲೋ ನೋಡ್ಕೊಂತಾರ."

ಈ ಒಂದು ಸುಳ್ಳಿನಿಂದ ಎಲ್ಲವೂ ಸುಗಮವಾಗುತ್ತಿತ್ತು. ಸರ್ವಮಂಗಳಮ್ಮನವರು ಮೌನವಾಗಿ ಕಾಯಿ ಸುಲಿದುಕೊಂಡಿದ್ದರೆ ಬೀಗರ ಮುಂದೆ ಮಾನ ಉಳಿಯುತ್ತಿತ್ತು. ಆದರೆ ನನ್ನ ತಪ್ಪನ್ನು ಈ ಎಳೆಯ ಹುಡುಗಿ ತಲೆಯ ಮೇಲೆ ಹೊತ್ತುಕೊಂಡಳಲ್ಲಾ ಎಂಬುದನ್ನು ಅವರಿಂದ ಸಹಿಸಲಾಗಲಿಲ್ಲ. ಅವರು ಮೊರವನ್ನು ಸರಿಸಿ ಎದ್ದು ಬಂದು ಸ್ಟೂಲಿನ ಮುಂದೆ ನಿಂತರು.

"ಅವಳು ನಿದ್ದೆ ಮಾಡ್ತಿರಲಿಲ್ಲ ಬೀಗರೇ. ನಾನೇ ಫೋನ್ ಕಿತ್ತಿಟ್ಟಿದ್ದೆ. ಕಿರಣ ತಾಗಿ ಮಗುವಿಗೆ ಏನಾದರೂ ಆದೀತು ಅಂತ ಹೆದರಿದೆ. ಮಲಗಿದ್ದಾಳೆ ಅಂತ ಹೇಳೋಕೆ ಇವರಿಗೆ ಹೇಳಿಕೊಟ್ಟವಳೂ ನಾನೇ. ತಪ್ಪು ನನ್ನದು. ನಿಮ್ಮ ಮಗಳು ಸೊರಗಿದ್ದಾಳೆ, ಅದೂ ನನ್ನಿಂದಲೇ."

ಭುವನಾ ಕುರ್ಚಿಯಿಂದ ಅರ್ಧ ಎದ್ದಳು. ಅನಂತರ ನೀಲಮ್ಮನ ದನಿ ಬಂದಿತು; ಅದರಲ್ಲಿ ಅಳುವಿತ್ತೋ ನಗುವಿತ್ತೋ ಹೇಳುವುದು ಕಷ್ಟ.

"ಎಂಥಾ ಮಂದಿರೀ ನೀವು! ನಾ ಇಲ್ಲಿ ಏನೇನೋ ನೆನಸ್ಕೊಂಡು ರೊಟ್ಟಿ ಹೊತ್ತಿಸ್ಕೊಂತ ಕುಂತೀನಿ. ನನ್ನ ಕೂಸಿನ ಮ್ಯಾಲ ಇಷ್ಟು ಜೀವಾ ಇಟ್ಟೀರಿ ಅಂತ ಮೊದಲ ಹೇಳಬಾರದೇನ್ರಿ? ಇರಲಿ ಬಿಡ್ರಿ. ನಾನಂತೂ ಫೋನ್ ಹೆಗಲಿಗೂ ಕಿವಿಗೂ ನಡಕ ಒತ್ತಿ ಹಿಡಕೊಂಡ ರೊಟ್ಟಿ ಬಡೀತೀನಿ. ನನಗೂ ಒಂದೀಟು ಬೈರಿ, ನನಗ ಯಾರೂ ಬೈಯೋರಿಲ್ಲ."

"ಈಗಲೂ ಹಾಗೇ ಹಿಡಿದಿದ್ದೀರಾ?"

"ಹೂನ್ರಿ."

"ಮೊದಲು ಕೆಳಗಿಡಿ! ಸ್ಪೀಕರ್ ಹಾಕಿ, ದೂರ ಇಡಿ!"

ಗುರುಮಲ್ಲಪ್ಪನವರು ನಕ್ಕರು. ಭುವನಾಳೂ ನಕ್ಕಳು. ಆ ನಗುವನ್ನು ಕೇಳಿ ಎಷ್ಟು ಕಾಲವಾಗಿತ್ತೆಂದು ಸರ್ವಮಂಗಳಮ್ಮನವರಿಗೆ ಆಗ ಅರಿವಾಯಿತು.

"ಮತ್ತ ಏನು ಉಣ್ಣಬೇಕು ಅನ್ನಸ್ತೈತಿ ಮಗಳ?" ಎಂದು ತಾಯಿ ಕೇಳಿದಳು.

ಡಾಕ್ಟರು ಕೇಳಿದಾಗ ಮಾತಿಲ್ಲದೆ ತಲೆಯಾಡಿಸಿದ್ದ ಹುಡುಗಿ ಈಗ ತಡೆಯಿಲ್ಲದೆ ನುಡಿದಳು: "ಜೋಳದ ನುಚ್ಚು ಮಜ್ಜಿಗಿ, ಅವ್ವಾ. ಕನಸಿನ್ಯಾಗೂ ಅದ ಬರ್ತೈತಿ. ಮ್ಯಾಲ ಶೇಂಗಾ ಚಟ್ನಿ."

"ಅಯ್ಯೋ, ಇಷ್ಟೇನಾ!" ಎಂದು ಸರ್ವಮಂಗಳಮ್ಮನವರು ಹಣೆ ಚಚ್ಚಿಕೊಂಡರು. "ನಾನು ಪಾಯಸ ಮಾಡಿ ಮಾಡಿ ಸುರೀತಿದ್ದೀನಲ್ಲ! ಬೀಗರೇ, ಅದನ್ನ ಹೇಗೆ ಮಾಡೋದು? ನಿಧಾನವಾಗಿ ಹೇಳಿ."

ನೀಲಮ್ಮ ಹೇಳತೊಡಗಿದಳು: ಬಿಳಿಜೋಳವನ್ನು ಒರಟಾಗಿ ಒಡೆಸಬೇಕು, ನುಚ್ಚನ್ನು ತೊಳೆದು ಕುದಿಯುವ ನೀರಿಗೆ ಹಾಕಬೇಕು, ತಳ ಹಿಡಿಯದಂತೆ ತಿರುವುತ್ತಿರಬೇಕು, ಆರಿದ ಮೇಲೆ ಮಜ್ಜಿಗೆ. ಮರುದಿನ ಗುರುಮಲ್ಲಪ್ಪನವರು ಜೋಳ ಒಡೆಸಿ ತಂದರು. ಸರ್ವಮಂಗಳಮ್ಮನವರು ಒಲೆಯ ಮುಂದೆ ನಿಂತು, ಅಡುಗೆಮನೆಯ ಆಚೆ ಕೊನೆಯಲ್ಲಿಟ್ಟ ಫೋನಿನ ಕಡೆಗೆ "ಗಟ್ಟಿಯಾಯ್ತು, ಇನ್ನೂ ನೀರು ಹಾಕಲಾ?" ಎಂದು ಕೂಗಿದರೆ, ವಿಜಯಪುರದಿಂದ "ಹಾಕ್ರೀ, ಹಾಕ್ರೀ!" ಎಂಬ ಉತ್ತರ ಬೀದಿಗೆ ಕೇಳುವಂತೆ ಬಂದಿತು.

ನುಚ್ಚು ಸ್ವಲ್ಪ ತಳ ಹಿಡಿದಿತ್ತು. ಭುವನಾ ಮೊದಲ ತುತ್ತನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಅತ್ತೆ ಸೌಟನ್ನು ಹಿಡಿದು ಎದುರಿಗೇ ನಿಂತಿದ್ದರು.

"ಹ್ಯಾಂಗ ಆಗೈತಿ?" ಎಂದಿತು ಫೋನು.

"ಸೀದೈತವ್ವಾ" ಎಂದಳು ಭುವನಾ, ಅತ್ತೆಯ ಮುಖವನ್ನು ನೇರವಾಗಿ ನೋಡಿ ನಗುತ್ತ. "ಇನ್ನೂ ಸ್ವಲ್ಪ ಹಾಕ್ರಿ, ಅತ್ತಿ."

ಆ ಮನೆಯಲ್ಲಿ ಅವಳು ತನ್ನೂರಿನ ಮಾತಿನಲ್ಲಿ ಅತ್ತೆಯನ್ನು ಕರೆದುದು ಅದೇ ಮೊದಲು. ಸರ್ವಮಂಗಳಮ್ಮನವರು ಕಣ್ಣೊರಸಿಕೊಂಡು ಬಟ್ಟಲು ತುಂಬ ಬಡಿಸಿದರು.

ನೀತಿ: ನಮ್ಮವರಿಗೆ ಕೇಡಾದೀತೆಂಬ ಅಂಜಿಕೆ ಪ್ರೀತಿಯಿಂದಲೇ ಹುಟ್ಟುತ್ತದೆ, ಆದರೂ ಅದನ್ನು ಬಲ್ಲವರ ಮುಂದಿಟ್ಟು ವಿಚಾರಿಸಿದ ಮೇಲೆಯೇ ನಡೆಯಬೇಕು. ಕಾಣದ ಅಪಾಯಕ್ಕೆ ಅಳತೆಯರಿತ ಎಚ್ಚರಿಕೆ ಸಾಕು. ಆ ಭಯದಲ್ಲಿ ಕಣ್ಣೆದುರಿಗಿರುವ ಜೀವದ ಹಸಿವನ್ನೂ ಮಾತನ್ನೂ ಮರೆಯಬಾರದು.