ಹಲ್ಲಿ ಒಪ್ಪಿದ ಮಾತು

ಜಗತ್ತಿನ ಪುಸ್ತಕಗಳನ್ನೆಲ್ಲ ಓದಿದವನು ನಾನು. ಸುಳ್ಳು, ರಟ್ಟು ಮಾತ್ರ ನೋಡಿದ್ದೇನೆ. ಒಳಗಿನದನ್ನೆಲ್ಲ ತಿಂದು ಮುಗಿಸಿದ್ದು ನಮ್ಮೂರ ವಾಚನಾಲಯದ ಹುಳು. ಅದನ್ನೊಮ್ಮೆ ಹಲ್ಲಿಯೊಂದು ಕಚ್ಚಿ ಹಿಡಿಯಿತು. ನಿಜವಾದ ಮಾತು ಕೇಳಿದರೆ ಲೊಚಗುಟ್ಟದೆ ಇರಲಾರದು ಹಲ್ಲಿಯ ಕುಲ. ಅದು ಹುಳುವಿಗೂ ಗೊತ್ತಿತ್ತು.

“ಹಲ್ಲಿಯಣ್ಣ, ಈ ಜಗತ್ತೆಲ್ಲ ಮಾಯೆ,” ಎಂದಿತು. ಹಲ್ಲಿ ಬಾಯಿ ಬಿಡಲಿಲ್ಲ.

“ಹಿಡಿದದ್ದನ್ನು ಬಿಡುವವನೇ ಜ್ಞಾನಿ!” ಹಿಡಿತ ಇನ್ನೂ ಬಿಗಿಯಾಯಿತು.

ಪ್ರಾಣ ಹೋಗುವ ಹೊತ್ತಿಗೆ, ಅಡುಗೆ ಪುಸ್ತಕವೊಂದರಲ್ಲಿ ತಿಂದ ಸಾಲು ನೆನಪಾಯಿತು. “ಅಣ್ಣಾ, ಉಣ್ಣುವಾಗ ಮಾತಾಡಬಾರದು!”

“ಲೊಚ್ ಲೊಚ್! ನಮ್ಮಜ್ಜಿಯೂ ಇದನ್ನೇ ಹೇಳುತ್ತಿದ್ದಳು!” ಎಂದಿತು ಹಲ್ಲಿ.

ಅಷ್ಟರಲ್ಲಿ ಹುಳು ಕಪಾಟಿನ ಸಂದಿ ಸೇರಿತ್ತು.

ಬುದ್ಧಿಮಾತನ್ನು ಒಪ್ಪಿಯೇ ಹಲ್ಲಿ ಉಪವಾಸ ಬಿತ್ತು. ನೀವೂ ಬರೀ ತಲೆದೂಗುತ್ತ ಕೂರಬೇಡಿ ಸ್ವಾಮಿ, ಕಥೆ ಹೇಳಿದ್ದಕ್ಕೆ ನನ್ನ ಚಹಾದ ದುಡ್ಡು ಕೊಡಿ.