ಹಗ್ಗದ ವ್ಯಾಪಾರಿ ನುಡಿಸಿದ ಹಾಡು

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ಒಪೆರಾದ ದೊಡ್ಡ ಹಾಡುಗಳನ್ನು ನಾನು ಪಿಯಾನೊಗೆ ಸುಲಭ ಮಾಡಿ ಬರೆದುಕೊಡುತ್ತೇನೆ. ಮನೆಯಲ್ಲಿ ಹವ್ಯಾಸಕ್ಕೆ ನುಡಿಸುವವರು ಅವನ್ನು ನುಡಿಸಿ ಸಂತೋಷಪಡುತ್ತಾರೆ. ವಿದ್ವಾಂಸರು ನಗುತ್ತಾರೆ. ಇದರಲ್ಲಿ ನಾಚಿಕೆಪಡುವಂಥದ್ದು ಏನಾದರೂ ಇದೆಯೇ?"

ಗುರು ಹೇಳಿದರು:

ಒಂದು ಬಂದರಿನ ಊರಿನಲ್ಲಿ ಒಪೆರಾ ಆಡುವ ರಂಗಮಂದಿರವಿತ್ತು. ಅಲ್ಲಿ ಗಾಯಕರ ಅಭ್ಯಾಸಕ್ಕೆ ಪಿಯಾನೊ ನುಡಿಸುವ ಒಬ್ಬ ವಾದಕನಿದ್ದ. ಬಿಡುವಿನಲ್ಲಿ ಅವನೂ ನಿನ್ನ ಕೆಲಸವನ್ನೇ ಮಾಡುತ್ತಿದ್ದ. ಇಡೀ ವಾದ್ಯಮೇಳ ನುಡಿಸುವುದನ್ನು ಎರಡು ಕೈಗೆ ಇಳಿಸಿ ಕೊಡುತ್ತಿದ್ದ.

ಅದೇ ಊರಿನಲ್ಲಿ ಒಬ್ಬ ಹಗ್ಗದ ವ್ಯಾಪಾರಿಯಿದ್ದ. ಹೆಂಡತಿ ತೀರಿಕೊಂಡಿದ್ದಳು. ಇದ್ದವಳು ಒಬ್ಬಳೇ ಮಗಳು. ಅವಳು ರಂಗಮಂದಿರದ ಹಾಡುಗಾರನೊಬ್ಬನನ್ನು ಮದುವೆಯಾದಳು. ಬಣ್ಣ ಹಚ್ಚುವವನನ್ನು ಕಟ್ಟಿಕೊಂಡವಳು ನನ್ನ ಹೊಸ್ತಿಲು ತುಳಿಯಕೂಡದು ಎಂದು ವ್ಯಾಪಾರಿ ಅವಳನ್ನು ಹೊರಗೆ ಹಾಕಿದ. ವರ್ಷಗಳು ಕಳೆದವು. ಕೋಪ ಇಳಿಯಿತು. ಅದನ್ನು ಹೇಳಲು ಮಾತ್ರ ಬಾಯಿ ಬರಲಿಲ್ಲ.

ಒಂದು ಸಂಜೆ ಅವನು ಯಾರಿಗೂ ಹೇಳದೆ ರಂಗಮಂದಿರಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂತ. ಅಂದಿನ ಆಟದಲ್ಲಿ, ಮಗಳನ್ನು ದೂರಮಾಡಿದ ತಂದೆಯೊಬ್ಬ ಅವಳನ್ನು ಕರೆದು ಹಾಡುತ್ತಿದ್ದ. ಭಾಷೆ ಪರದೇಶದ್ದು. ಆದರೂ ವ್ಯಾಪಾರಿಗೆ ಅರ್ಥವಾಯಿತು. ಕಣ್ಣು ತುಂಬಿ ಬಂತು. ಯಾರಾದರೂ ನೋಡಿಯಾರೆಂದು ಹಾಡು ಮುಗಿಯುವ ಮೊದಲೇ ಎದ್ದು ಬಂದುಬಿಟ್ಟ.

ಮರುದಿನ ವಾದಕನ ಬಳಿ ಹೋಗಿ, "ಆ ತಂದೆಯ ಹಾಡು ನನಗೆ ನುಡಿಸಲು ಬರಬೇಕು. ಹೆಂಡತಿಯ ಪಿಯಾನೊ ಮನೆಯಲ್ಲಿದೆ. ನನ್ನ ಕೈ ಒರಟು. ಆಗುವ ಹಾಗೆ ಮಾಡಿಕೊಡಿ" ಎಂದ.

ಆ ಹಾಡಿನ ಕೊನೆಗೆ ಒಂದು ಭಾಗವಿತ್ತು. ಅಲ್ಲಿ ತಂದೆ ಮಗಳ ಮುಂದೆ ಮಂಡಿಯೂರಿ ತಪ್ಪು ನನ್ನದು ಎನ್ನುತ್ತಾನೆ. ಸ್ವರಗಳು ತಡೆದು ನಿಲ್ಲುತ್ತವೆ, ಏಳುತ್ತವೆ, ಮತ್ತೆ ಕುಸಿಯುತ್ತವೆ. ವಾದಕ ವ್ಯಾಪಾರಿಯ ಕೈಗಳನ್ನು ನೆನೆದು, ಇದು ಅವನಿಗೆ ಬಾರದು ಅಂದುಕೊಂಡ. ಆ ಭಾಗವನ್ನು ತೆಗೆದುಹಾಕಿ, ಹಾಡಿನ ಮೊದಲ ಸಾಲನ್ನೇ ಇನ್ನೊಮ್ಮೆ ಬರೆದು ಚೆಂದವಾಗಿ ಮುಗಿಸಿದ. ಹೀಗೆ ಮಾಡಿದ್ದೇನೆ ಎಂದು ಹೇಳಲಿಲ್ಲ.

ಚಳಿಗಾಲವಿಡೀ ವ್ಯಾಪಾರಿ ಅಭ್ಯಾಸ ಮಾಡಿದ. ಕೈ ಕೂತಮೇಲೆ ಮಗಳಿಗೆ ಹೇಳಿಕಳಿಸಿದ. ಅವಳು ಬಂದಳು. ಅವನು ಒಂದು ಮಾತೂ ಆಡದೆ ಪಿಯಾನೊ ಮುಂದೆ ಕೂತು ನುಡಿಸತೊಡಗಿದ.

ಗಂಡ ಮನೆಯಲ್ಲಿ ಹಾಡುತ್ತಿದ್ದ ಹಾಡು ಅದು. ಅವಳಿಗೆ ಪ್ರತಿ ಸ್ವರವೂ ಗೊತ್ತಿತ್ತು. ಅಪ್ಪ ಎಲ್ಲಿಗೆ ಬರುತ್ತಿದ್ದಾನೆಂದು ತಿಳಿದು, ತಂದೆ ಮಂಡಿಯೂರುವ ಆ ಕೊನೆಯ ಭಾಗಕ್ಕೆ ಕಾಯುತ್ತ ನಿಂತಳು. ಆ ಭಾಗ ಬರಲಿಲ್ಲ. ಮೊದಲ ಸಾಲು ಮತ್ತೊಮ್ಮೆ ಬಂದು ಹಾಡು ಮುಗಿಯಿತು.

"ಅಷ್ಟೇನಾ ಅಪ್ಪಾ?"

"ಅಷ್ಟೇ, ಮಗಳೇ."

ಹೇಳಬೇಕಾದ್ದನ್ನೆಲ್ಲ ಹೇಳಿದೆನೆಂದೇ ಅವನು ನಂಬಿದ್ದ. ಅವಳು ಶಾಲು ಹೊದ್ದುಕೊಂಡು ಹೊರಟುಹೋದಳು.

ವ್ಯಾಪಾರಿ ವಾದಕನಲ್ಲಿಗೆ ಬಂದ. ಮಗಳು ಕೇಳಿ ಹೊರಟುಹೋದಳು, ಎಲ್ಲೋ ತಪ್ಪಿ ನುಡಿಸಿರಬೇಕು, ಕೇಳಿ ಹೇಳಿ ಎಂದು ಇಡೀ ಹಾಡನ್ನು ಅವನ ಮುಂದೆ ನುಡಿಸಿದ. ಒಂದು ಸ್ವರವೂ ಜಾರಲಿಲ್ಲ. ಆ ಕೈಗಳಿಗೆ ತೆಗೆದುಹಾಕಿದ್ದೂ ಬರುತ್ತಿತ್ತೆಂದು ವಾದಕನಿಗೆ ಆಗ ತಿಳಿಯಿತು. ತಲೆ ತಗ್ಗಿಸಿ ಇದ್ದದ್ದನ್ನು ಹೇಳಿದ. ವ್ಯಾಪಾರಿ ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು ಬೈಯಲಿಲ್ಲ. ಆ ಭಾಗವನ್ನು ಬರೆಸಿಕೊಂಡು ಮನೆಗೆ ಹೋದ.

ವಾದಕ ಮಗಳ ಮನೆಯ ಬಾಗಿಲಿಗೆ ಹೋಗಿ ನಿಂತ. "ಬಿಟ್ಟದ್ದು ನಿಮ್ಮ ತಂದೆಯಲ್ಲ, ನಾನು. ಅದು ಇದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಅವರಿಗೆ ಅದು ಬಾರದು ಅಂದುಕೊಂಡೆ."

ಅವಳ ಮುಖ ಇಳಿಯಿತು. "ನಾನೂ ಹಾಗೇ ಅಂದುಕೊಂಡು ಹೊರಟು ಬಂದೆ" ಎಂದಳು.

ಅವಳು ಅಂದೇ ತಂದೆಯ ಮನೆಗೆ ಹೋದಳು. ಮುದುಕ ಆ ಭಾಗವನ್ನು ತಡವರಿಸಿ ನುಡಿಸುತ್ತಿದ್ದ. ಬಾಗಿಲಲ್ಲಿ ಅವಳನ್ನು ಕಂಡರೂ ನಿಲ್ಲಿಸಲಿಲ್ಲ. ತಪ್ಪುತ್ತ, ಮತ್ತೆ ಹಿಡಿಯುತ್ತ ಕೊನೆಯವರೆಗೂ ನುಡಿಸಿದ. ಅವಳು ಅವನ ಪಕ್ಕದಲ್ಲಿ ಕೂತು ಅತ್ತಳು.

ವಾದಕ ಅವಳ ಹಿಂದೆಯೇ ಬಂದಿದ್ದ. ಒಳಗೆ ಹೋಗಲು ಅವನಿಗೆ ಮುಖವಿರಲಿಲ್ಲ. ಬೀದಿಯಿಂದಲೇ ತಿರುಗಿ ಹೋದ. ಆಮೇಲೆ ಆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟ.

ಗುರು ಕತೆ ನಿಲ್ಲಿಸಿದರು. ಶಿಷ್ಯ, "ಹಾಗಾದರೆ ಸುಲಭ ಮಾಡುವುದೇ ತಪ್ಪು ಎನ್ನುತ್ತೀರಾ, ಗುರುಗಳೇ?" ಎಂದು ಕೇಳಿದ.

ಗುರು ಅವನನ್ನೇ ನೋಡುತ್ತ ಹೇಳಿದರು: "ನೀನು ಏನನ್ನು ಬಿಟ್ಟಿದ್ದೀಯೆಂದು ನುಡಿಸುವವರಿಗೆ ಹೇಳಿದ್ದೀಯಾ?"